ಇಪ್ಪತ್ತು ಕೊಕ್ಕೆ, ನಾಲ್ಕು ಮಡಕೆ

ಸ್ಟೇಶನ್ ಬಜಾರದ ಹಣ್ಣಿನಂಗಡಿ. ಅದರ ಹಿಂದೆ ಹೊಸದಾಗಿ ಕಟ್ಟಿದ ತಗಡಿನ ಕೋಣೆ. ಬಾಗಿಲು ತೆಗೆದಾಗ ಮೊದಲು ಹೊರಬಂದದ್ದು ಹೊಗೆ. ಅದು ಕರಗಿದ ಮೇಲೆ ಸುಮಂಗಲಾ ಕಂಡಳು. ಹೊಸ್ತಿಲಿಗೆ ತಲೆಯಿಟ್ಟು ಬಿದ್ದಿದ್ದಳು. ಉಸಿರು ನಿಂತಿತ್ತು.

ಪಿಎಸ್‌ಐ ಯಶೋಧರಾ ಬರುವಷ್ಟರಲ್ಲಿ ಜನ ಸೇರಿತ್ತು. ಸುಮಂಗಲಾ ವಿಧವೆ. ಅವಳ ಮೈದುನ ಸುಧಾಕರ ಕಟ್ಟೆಯ ಮೇಲೆ ಕುಳಿತಿದ್ದ. ಸತ್ತವಳ ಪುಟ್ಟ ಮಗಳು ಸೃಷ್ಟಿ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

"ಕಮಲಾಪುರದಾಗ ಬಾಳಿಹಣ್ಣು ಮಾಗಿಸೋ ದೊಡ್ಡ ಕೋಣಿ ಅದರಿ ನಮ್ದು," ಎಂದ ಸುಧಾಕರ. "ಮಡಕಿಯೊಳಗ ಸಗಣಿ ಕುಳ್ಳು ಸುಟ್ಟು ಹೊಗಿ ಹಾಕ್ತೀವಿ. ಇದು ಅದರ ಅರ್ಧ. ಉದ್ದ, ಅಗಲ, ಎತ್ತರ, ಎಲ್ಲಾ ಅರ್ಧ. ಅಲ್ಲಿ ಎಂಟು ಮಡಕಿ ಇಡ್ತೀವಿ, ಇಲ್ಲಿ ನಾಲ್ಕು ಇಟ್ಟೆ. ಮೊದಲನೇ ಸಲದ ಹಣ್ಣು. ನಾ ಚಾ ಕುಡಿಲಾಕ ಹೋದಾಗ ವೈನಿ ಒಳಗ ಹೋಗ್ಯಾಳ. ಹಿಂಗಾಗ್ತದಂತ ನನಗೇನ್ ಗೊತ್ತರಿ?"

ಅವನ ದನಿ ಒಡೆಯಿತು. ಯಶೋಧರಾಳಿಗೆ ಮುಂದೆ ಕೇಳಲು ಮನಸ್ಸಾಗಲಿಲ್ಲ.

"ಚಿಲಕ ಸಿಕ್ಕಾಕ್ಕೊಂಡಿರಬೇಕ್ರಿ," ಎಂದರು ಅಕ್ಕಪಕ್ಕದವರು. "ಕೋಣಿ ಕಟ್ಟಿದ ಆ ಕರೀಂಸಾಬನ ಕೆಲಸ."

* * *

ಯಶೋಧರಾ ಕೋಣೆಯೊಳಗೆ ನಿಂತು ಚಿಲಕ ಎಳೆದು ನೋಡಿದಳು. ಒಂದೇ ಬೆರಳಿಗೆ ಸರಿಯಿತು. ಬಾಗಿಲು ಹೊರಕ್ಕೆ ಸಲೀಸಾಗಿ ತೆರೆಯಿತು. ಹಾಗಾದರೆ ಬಾಗಿಲವರೆಗೂ ಬಂದವಳು ಯಾಕೆ ಹೊರಗೆ ಬರಲಿಲ್ಲ?

ಮೋಮಿನಪುರದ ತನ್ನ ಅಂಗಡಿಯಲ್ಲಿ ಕರೀಂಸಾಬ್ ತಗಡು ಕತ್ತರಿಸುವುದನ್ನು ನಿಲ್ಲಿಸಿ ಎದ್ದು ನಿಂತ.

"ನನ್ನ ಚಿಲಕ ಚಲೋ ಅದ ಮೇಡಂ. ಬೇಕಾದ್ರ ನೂರು ಸಲ ನೋಡ್ರಿ."

"ನೋಡೀನಿ. ಚಿಲಕದ ತಪ್ಪಿಲ್ಲ. ಕೋಣಿ ಕಟ್ಟುವಾಗ ಸುಧಾಕರ ಏನಾದ್ರೂ ಹೇಳಿದ್ನಾ?"

"ಏನಿಲ್ರಿ. ದೊಡ್ಡ ಕೋಣೀದರ ಅರ್ಧ ಅಂತ, ಗೊನಿಗೊಂದರಂಗ ತೂಗಹಾಕಾಕ ನಾ ಎಂಬತ್ತು ಕೊಕ್ಕಿ ಒಯ್ದಿದ್ದೆ. ಇಷ್ಟ್ಯಾಕ ಚಾಚಾ, ಇಪ್ಪತ್ತು ಸಾಕು ಅಂದ. ಉಳಿದಿದ್ದು ವಾಪಸ್ ತಂದೆ."

* * *

ಮರುದಿನ ಯಶೋಧರಾ ಕಾನ್‌ಸ್ಟೆಬಲ್ ದೇವೀಂದ್ರಪ್ಪನ ಜೊತೆ ಕಮಲಾಪುರಕ್ಕೆ ಹೋದಳು. ಸುಧಾಕರನ ತಾಯಿ ಹಣಮಮ್ಮ ದೊಡ್ಡ ಕೋಣೆಯ ಬೀಗ ತೆಗೆದಳು. ಗೋಡೆಗಳು ಹೊಗೆಗೆ ಕಪ್ಪಾಗಿದ್ದವು.

"ಇದರಾಗ ಎಷ್ಟು ಗೊನಿ ಹಿಡೀತಾವಮ್ಮ?"

"ನೂರರವತ್ತು. ಎಂಟು ಮಡಕಿ ಹೊಗಿ."

ದೇವೀಂದ್ರಪ್ಪ ಅಳತೆ ಪಟ್ಟಿ ಎಳೆದ. ಸುಧಾಕರ ಸುಳ್ಳು ಹೇಳಿರಲಿಲ್ಲ. ತಗಡಿನ ಕೋಣೆ ಎಲ್ಲ ಕಡೆಯಿಂದಲೂ ಇದರ ಅರ್ಧವೇ.

"ಹಂಗಾದ್ರ ನಾಲ್ಕು ಮಡಕಿ ಸರಿ ಅದಲ್ರಿ, ಮೇಡಂ?"

ಅಂಗಳದಲ್ಲಿ ಹಣ್ಣಿನ ಖಾಲಿ ಕ್ರೇಟುಗಳು ಬಿದ್ದಿದ್ದವು. ಯಶೋಧರಾ ಒಂದನ್ನು ನೆಲಕ್ಕಿಟ್ಟಳು.

"ಇದರ ಉದ್ದ ಎರಡು ಪಟ್ಟು ಮಾಡು."

ಅವನು ಇನ್ನೊಂದನ್ನು ಜೋಡಿಸಿದ.

"ಅಗಲನೂ ಎರಡು ಪಟ್ಟು."

ನಾಲ್ಕಾದವು.

"ಈಗ ಎತ್ತರ."

ಆ ನಾಲ್ಕರ ಮೇಲೆ ಮತ್ತೆ ನಾಲ್ಕು ಇಟ್ಟ. ಎಣಿಸಿದ. ಎಂಟು.

"ಈ ಕೋಣಿಯೊಳಗ ಅಂಥಾ ಎಂಟು ತಗಡಿನ ಕೋಣಿ ಹಿಡೀತಾವ," ಎಂದಳು ಯಶೋಧರಾ. "ಅಂದ್ರ ಅಲ್ಲಿ ಇಡಬೇಕಾದದ್ದು ಒಂದೇ ಮಡಕಿ. ನಾಲ್ಕಲ್ಲ."

"ಪಾಪ, ಅವನಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ."

"ಗೊತ್ತಿತ್ತು. ನೂರರವತ್ತು ಗೊನಿ ಹಿಡಿಯೋ ಕಡೆ ಎಂಟು ಮಡಕಿ. ಕೋಣಿ ಅರ್ಧ ಅಂತ ತಿಳಿದಿದ್ರ ಅವನೂ ಕರೀಂಸಾಬನಂಗ ಎಂಬತ್ತು ಕೊಕ್ಕಿ ಹಾಕಿಸ್ತಿದ್ದ. ಇಪ್ಪತ್ತು ಸಾಕಂದ. ಎಂಟರಾಗ ಒಂದು ಪಾಲು, ಸರಿಯಾದ ಲೆಕ್ಕ. ಹಣ್ಣಿಗೆ ಸರಿ ಲೆಕ್ಕ ಹಾಕಿದಾವ ಹೊಗಿಗೆ ಯಾಕ ತಪ್ಪಿದ?"

ದೇವೀಂದ್ರಪ್ಪ ಅಳತೆ ಪಟ್ಟಿ ಸುತ್ತಿಕೊಂಡ.

ಹಣಮಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಆ ಮಾತು ಅವಳ ಕಿವಿಗೂ ಬಿದ್ದಿರಬೇಕು. ಯಾರೂ ಕೇಳದೆಯೇ ಹೇಳಿದಳು. "ಸೊಸಿ ಮತ್ತ ಮದಿವಿ ಆಗೋಳಿದ್ಳು. ಚಾ ಹೋಟ್ಲಿನ ತುಕಾರಾಮನ ಜೋಡಿ. ನಾನೇ ಹೂಂ ಅಂದಿದ್ದೆ. ಅದು ಕೇಳಿದಾಗಿಂದ ಸುಧಾ ಊಟ ಬಿಟ್ಟಿದ್ದ. ಕೂಸಿಗೆ ಅವ ಅಪ್ಪಗಿಂತ ಹೆಚ್ಚು."

* * *

ಠಾಣೆಯಲ್ಲಿ ಯಶೋಧರಾ ಕೊಕ್ಕೆಗಳ ಮಾತು ತೆಗೆದಳು.

"ಹಿಂದಿನ ಸಾಲಿನ ಗೊನಿ ಬಿದ್ದಾವ, ನೋಡು ವೈನಿ ಅಂದೆ," ಎಂದ ಸುಧಾಕರ. "ಒಳಗ ಹೋದ್ಳು. ನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಬಡದ್ಳು. ಸುಧಾ ಅಂತ ಕರದ್ಳು. ಆಮ್ಯಾಲ ಸುಮ್ಮನಾದ್ಳು."

"ಯಾಕ?"

"ಸೃಷ್ಟಿನ ಕರಕೊಂಡು ಹೋಗ್ತಿದ್ಳರಿ. ನಮ್ಮಣ್ಣ ಸತ್ತಾಗಿಂದ ಆ ಕೂಸು ನನ್ನ ಮಗ್ಗಲದಾಗೇ ಮಲಗ್ತದ. ಅದಿಲ್ದ ಮನಿಯಾಗ ನಾ ಹ್ಯಾಂಗಿರಲಿ?"

ಹೇಳಿಕೆ ಕೊಡಲು ಬಂದಿದ್ದ ತುಕಾರಾಮ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ.

"ಎಲ್ಲಿಗೂ ಹೋಗ್ತಿರಲಿಲ್ಲೋ ಸುಧಾಕರ," ಎಂದ. "ನಿಮ್ಮ ಮನಿ ಬಾಜೂಕೇ ಮನಿ ಹಿಡಿದಿದ್ದೆ. ಕೂಸು ಕಾಕಾನ ಬಿಟ್ಟಿರೂದಿಲ್ಲ, ಬ್ಯಾರೆ ಕಡೆ ಮನಿ ಬ್ಯಾಡ ಅಂತ ಅಕಿನೇ ಹೇಳಿದ್ಳು. ನಿನಗ ಹೇಳೋಳಿದ್ಳು."

ಸುಧಾಕರ ತಲೆ ಎತ್ತಿದ. ಆಮೇಲೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತ.

ಯಶೋಧರಾ ಬಾಗಿಲೆಳೆದುಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ಹಣಮಮ್ಮ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಸೃಷ್ಟಿ ಯಶೋಧರಾಳನ್ನು ನೋಡಿದವಳೇ ಇಳಿದು ಬಂದು ಅವಳ ಬೆರಳು ಹಿಡಿದಳು.

"ಕಾಕಾ ಒಳಗ ಅದಾನಂತ. ಅವ್ವ ಎಲ್ಲಿ ಅದಾಳಂತ ಅವನಿಗೆ ಗೊತ್ತದ. ಕೇಳ್ತೀನಿ, ಬಿಡ್ರಿ."

ಯಶೋಧರಾ ಆ ಮಗುವನ್ನು ಎತ್ತಿಕೊಂಡಳು. ಬಾಗಿಲನ್ನು ಮಾತ್ರ ತೆರೆಯಲಿಲ್ಲ.