ಇಬ್ಬರು ಹೊತ್ತ ಬೀರು

'ಟಿಣ್!'

ರಾತ್ರಿ ಹನ್ನೊಂದಕ್ಕೆ ಅವಳ ದಿಂಬಿನ ಪಕ್ಕ ಫೋನು ಸದ್ದು ಮಾಡಿತು. ಐದನೇ ತರಗತಿಯ ಮೇಷ್ಟ್ರ ಸಂದೇಶ!

'ಬೀರು ಮಹಡಿಗೇರಿಸಲು ಇಬ್ಬರಿಗೆ ಇಪ್ಪತ್ತು ನಿಮಿಷ, ನಾಲ್ವರಿಗೆ ಹತ್ತು. ಭೇಷ್! ಜನ್ಮದಲ್ಲಿ ಬೀರು ಹೊತ್ತಿದ್ದೀರಾ ಮೇಡಂ? ಈ ಲೆಕ್ಕ ಹಿಡ್ಕೊಂಡು ನಿಮ್ಮ ಹುಡುಗಿಯರು ನನ್ನ ತರಗತಿಗೆ ಬರೋದು ಬೇಡ.'

ಅವಳ ಮೈ ಉರಿದುಹೋಯಿತು. ಮುಂದೆ ಶಿಕ್ಷಕಿಯರಾಗುವ ಹುಡುಗಿಯರಿಗೆ ನಿಜಜೀವನದ ಲೆಕ್ಕ ಬರೆಯಲು ಕಲಿಸುವವಳು ಅವಳು. ಅವರು ಪಾಠ ಮಾಡಿ ನೋಡಲು ಇದ್ದದ್ದು ಅವನ ತರಗತಿಯೊಂದೇ. ಆರು ತಿಂಗಳಲ್ಲಿ ಅವಳ ಒಂದು ಲೆಕ್ಕವನ್ನೂ ಅವನು ಒಪ್ಪಿರಲಿಲ್ಲ; ಎಲ್ಲಕ್ಕೂ ಕೆಂಪು ಗೀಟು ಎಳೆದಿದ್ದ.

ನಾನೆಂದರೆ ಇಷ್ಟು ತಾತ್ಸಾರವೇ...? ಅಂಗಿಯ ಗುಂಡಿ ನೆಟ್ಟಗೆ ಹಾಕಲು ಬಾರದ ಮನುಷ್ಯನಿಗೆ! ಅದು ನನಗೇಕೆ ಇಷ್ಟು ನೋಯಬೇಕು?

ಬೆಳಗ್ಗೆ ಅವನೆದುರು ಹೋಗಿ ನಿಂತಳು.

"ಬೀರು ಎಲ್ಲಿದೆ? ಹೊತ್ತೇ ತೋರಿಸ್ತೀವಿ!"

"ಸೀಮೆಸುಣ್ಣದ ಡಬ್ಬಿ ಎತ್ತೋಕೂ ಆಳು ಕರೀತೀರಲ್ಲ, ನೀವಾ?"

ಅವಳ ನಾಲ್ವರು ಹುಡುಗಿಯರು ಅವನ ತರಗತಿಯ ಬೀರು ಎತ್ತಿದರು. ಮೂರನೇ ಮೆಟ್ಟಿಲಲ್ಲೇ ಮೊಣಕೈಗಳು ಗೋಡೆಗೆ ತರಚಿದವು. ನಾಲ್ವರಿಗೆ ಅಲ್ಲಿ ಜಾಗವೇ ಇರಲಿಲ್ಲ. ಅವನು ನಕ್ಕುಬಿಟ್ಟ.

"ನೀವು ಹೋಗಿ ಮೇಲಿನ ಕೋಣೆ ಖಾಲಿ ಮಾಡ್ರಮ್ಮ," ಎಂದು ಅವರನ್ನು ಕಳಿಸಿದಳು. "ಬಾಯಿ ಸಾಕು ಮೇಷ್ಟ್ರೇ, ಕೈ ಹಾಕಿ!"

ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಮೇಲೆ ಅವಳು, ಕೆಳಗೆ ಅವನು. ನಡುವಿನ ಬೀರುವಿನಿಂದ ಒಬ್ಬರ ಮುಖ ಒಬ್ಬರಿಗೆ ಕಾಣದು.

"ಲೆಕ್ಕ ತಪ್ಪು. ಒಪ್ಪಿದೆ. ಹೊಟ್ಟೆ ತುಂಬ ನಗಿ!" ಅವಳ ದನಿ ಒಡೆಯಿತು.

ಕೆಳಗಿನಿಂದ ಅವನ ದನಿ ಬಂತು, "ಮೇಡಂ, ಹೋದ ವಾರದ ಹಾಲಿನ ಲೆಕ್ಕ ಸರಿಯಿತ್ತು. ಅದರ ಹಿಂದಿನದೂ."

"ಮತ್ತೆ ಕೆಂಪು ಗೀಟು?"

"ಒಪ್ಪಿದ್ರೆ ನೀವು ಜಗಳಕ್ಕೆ ಬರ್ತಿರಲಿಲ್ಲ."

"ಥೂ! ಇಂಥ ದರಿದ್ರ ಉಪಾಯ ನಿಮ್ಮ ಐದನೇ ತರಗತಿ ಮಕ್ಕಳಿಗೂ ಹೊಳೆಯಲ್ಲ!"

"ನನಗೆ ಹೊಳೆದದ್ದು ಅಷ್ಟೇ... ನೀವಂದ್ರೆ ಇಷ್ಟ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ!

"ಹಾಗಾದ್ರೆ ಬೀರುವಿನ ಲೆಕ್ಕ?"

"ಅದು ಮಾತ್ರ ನಿಜವಾಗ್ಲೂ ತಪ್ಪು!"

ಅವಳು ಅಳುತ್ತಲೇ ನಕ್ಕಳು. "ಹುಡುಗಿಯರು ನಾಳೆಯಿಂದ ಬರಬಹುದಾ?"

"ಬರಲಿ. ನೀವೂ ಬನ್ನಿ."

"ಬರ್ತೀನಿ... ಜಗಳಕ್ಕಲ್ಲ."

ಕೊನೆಗೂ ಮೇಲೆ ತಲುಪಿದಾಗ ಹುಡುಗಿಯರಲ್ಲಿ ಒಬ್ಬಳು ಗಡಿಯಾರ ನೋಡಿದಳು. "ನಲವತ್ತೇಳು ನಿಮಿಷ! ತಿರುವಿನಲ್ಲಿ ಅಷ್ಟು ಹೊತ್ತು ಏನಾಯ್ತು ಮೇಡಂ?"

ಮೇಷ್ಟ್ರು ಕೆಮ್ಮುತ್ತ ಗೋಡೆ ನೋಡಿದರು.

"ಬೀರು ಸಿಕ್ಕಿಕೊಂಡಿತ್ತು. ಬರ್ಕೊಳ್ಳಿ," ಎಂದಳು ಅವಳು.

ಉಳಿದದ್ದನ್ನು ಯಾರಿಗೂ ಹೇಳಬಾರದೆಂದು ಅವಳು ಅಲ್ಲೇ ನಿಶ್ಚಯಿಸಿಕೊಂಡಳು.