ಉಗ್ರಾಣದ ಇಪ್ಪತ್ತೆರಡು ಗೊಂಬೆಗಳು

"ಆ ಗುಂಡಿ ಮಣ್ಣು ಬೇಡ ಮೇಡಮ್. ತಂದಿದ್ದಾಯ್ತು, ಹಾಳಾಗ್ಲಿ, ಗೊಂಬೆಗೆ ಮಕ್ಳ ಕೂದ್ಲು ಮಾತ್ರ ಅಂಟಿಸ್ಬೇಡಿ."

ಅಡುಗೆಯ ದೊಡ್ಡಮುನಿಯಮ್ಮ ಮೂರನೆಯ ಸಲ ಹೀಗೆಂದಾಗ ಹಂಸಳ ತಾಳ್ಮೆ ಮುಗಿಯಿತು.

"ಅದ್ರಲ್ಲಿರೋದು ಸಿಲಿಕಾ, ಅಲ್ಯೂಮಿನಾ, ನೀರು. ನಿಮ್ಮ ದೆವ್ವಕ್ಕೆ ಜಾಗ ಎಲ್ಲಿದೆ ಅಮ್ಮಾ?"

"ದೆವ್ವ ಅಲ್ಲ, ಮಾಟ. ಜಮೀನ್ ಜಗಳಕ್ಕೆ ಅಣ್ಣ ಅನ್ನೋನು ತಮ್ಮನ ಗೊಂಬೆ ಮಾಡಿ, ಕೂದ್ಲಿಟ್ಟು, ಅಲ್ಲೇ ಹೂತಿದ್ದ. ಆವತ್ತಿಂದ ಆ ಮಣ್ಣಲ್ಲಿ ನಮ್ಮೂರೋರು ಒಲೆ ಕೂಡ ಹಾಕಿಲ್ಲ."

ಹಂಸ ನಕ್ಕಳು, ನಗುವಿಗಿಂತ ಅದರಲ್ಲಿ ರೇಗಾಟವೇ ಹೆಚ್ಚಿತ್ತು. ಕೆ.ಆರ್. ಪುರದಾಚೆಯ ಕೆರೆಯಂಚಿನ ಈ ಹತ್ತು ದಿನಗಳ ಬೇಸಿಗೆ ಶಿಬಿರಕ್ಕೆ ಮೇಲ್ವಿಚಾರಕಿಯಾಗಿ ಬಂದಂದಿನಿಂದ ಒಂದು ಕೆಲಸವೂ ನೆಟ್ಟಗೆ ನಡೆದಿರಲಿಲ್ಲ. ನೀರಿನ ಟ್ಯಾಂಕರ್ ತಡ. ಶಿವಾಜಿನಗರದಿಂದ ಬರಬೇಕಿದ್ದ ಜೇಡಿಮಣ್ಣು ಟಿನ್ ಫ್ಯಾಕ್ಟರಿಯ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದೆ ಎಂದ ಚಾಲಕ ಆಮೇಲೆ ಫೋನನ್ನೇ ಆರಿಸಿದ್ದ. ನಿಮಿಷ ನಿಮಿಷಕ್ಕೂ ಗೆರೆ ಹಾಕಿ ಅವಳು ಸಿದ್ಧಪಡಿಸಿದ್ದ ವೇಳಾಪಟ್ಟಿಯಲ್ಲಿ ಗುರುವಾರ ಹತ್ತು ಗಂಟೆಗೆ 'ನನ್ನದೇ ಗೊಂಬೆ' ಎಂದಿತ್ತು. ಆದ್ದರಿಂದ ಅವಳೇ ಕೆರೆಯ ಪಕ್ಕದ ಹಳೆಯ ಗುಂಡಿಗಿಳಿದು ಮಣ್ಣು ಅಗೆದು ತಂದಿದ್ದಳು.

ಇಪ್ಪತ್ತೆರಡು ಮಕ್ಕಳು ತಮ್ಮ ತಮ್ಮ ರೂಪವನ್ನು ಗೇಣುದ್ದಕ್ಕೆ ತಿದ್ದಿದರು, ತಮ್ಮದೇ ಕೂದಲಿನ ಚೂರನ್ನು ನೆತ್ತಿಗೆ ಒತ್ತಿದರು, ಬೆನ್ನ ಮೇಲೆ ಹೆಸರು ಕೊರೆದರು. ಬಿಸಿಲಿಗೆ ಬಿರಿಯದಿರಲೆಂದು ಹಂಸ ಗೊಂಬೆಗಳನ್ನು ಕತ್ತಲೆಯ ಉಗ್ರಾಣದಲ್ಲಿ ಎರಡು ಮೇಜುಗಳ ಮೇಲೆ ಸಾಲಾಗಿ ಜೋಡಿಸಿದಳು.

ಶುಕ್ರವಾರ ಹನ್ನೊಂದಕ್ಕೆ ಬಾಗಿಲು ತೆರೆದಾಗ ಕೊಳೆತ ಕೆರೆನೀರಿನ ವಾಸನೆ ಮುಖಕ್ಕೆ ಬಡಿಯಿತು. ಆಸಿಮನ ಗೊಂಬೆಯ ಎಡಗೈ ಮುರಿದು ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅಂಗಳದಿಂದ ಕಿರುಚಾಟ. ಹಗ್ಗದ ಏಣಿಯಿಂದ ಜಾರಿದ ಆಸಿಮನ ಎಡಗೈ ಮೊಣಕೈಯ ಕೆಳಗೆ ವಿಕಾರವಾಗಿ ತಿರುಗಿತ್ತು. ಶಿಬಿರದ ಒಂದೇ ಒಂದು ಗಾಡಿ ಅವನನ್ನು ಹೊತ್ತು ಆಸ್ಪತ್ರೆಗೆ ಹೊರಟಿತು.

ಬೆನ್ಸನ್ ಟೌನಿನ ಕಚೇರಿಯಲ್ಲಿ ಕುಳಿತ ಶಿಬಿರದ ಯಜಮಾನ ಶ್ರೀನಾಥ್ ಫೋನಿನಲ್ಲಿ ಆಕಳಿಸಿದ. "ಮಕ್ಳು ಅಂದ್ಮೇಲೆ ಬೀಳ್ತಾರೆ ಕಣ್ರೀ ಹಂಸ. ಗೊಂಬೆ ಕಥೆ ಪೇರೆಂಟ್ಸ್ ಗ್ರೂಪಲ್ಲಿ ಹಾಕ್ಬೇಡಿ ಮತ್ತೆ."

ಗೊಂಬೆಯ ಕೈ ಮುರಿದದ್ದಕ್ಕೂ ಕಾರಣವಿತ್ತು, ಹುಡುಗ ಜಾರಿದ್ದಕ್ಕೂ ಕಾರಣವಿತ್ತು. ಎರಡೂ ಒಟ್ಟಿಗೆ ಆದದ್ದಕ್ಕೆ ಮಾತ್ರ ಇರಲಿಲ್ಲ. ಹಂಸ ಹಲ್ಲು ಕಚ್ಚಿ ಮತ್ತೆ ಉಗ್ರಾಣಕ್ಕೆ ಹೋದಳು. ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಗೊಂಬೆಯನ್ನು ಪರೀಕ್ಷಿಸಿದಳು. ಲೈಬಾಳ ಗೊಂಬೆಯ ಕತ್ತಿನ ಸುತ್ತ ಎಳೆಯಷ್ಟು ಸಣ್ಣ ಗೆರೆ ಮೂಡಿತ್ತು.

ಹಿಂದೆಯೇ ಲೈಬಾ ಬಂದು ನಿಂತಿದ್ದಳು. ಫ್ರೇಜರ್ ಟೌನಿನ ಒಂಬತ್ತರ ಹುಡುಗಿ. "ಮಿಸ್, ಕತ್ತು ಎಳೀತಿದೆ."

ಮಣ್ಣು ಬೇಗ ಒಣಗಿದರೆ ಬಿರಿಯುತ್ತದೆ; ಒದ್ದೆ ಬಟ್ಟೆ ಹೊದಿಸಿದರೆ ನಿಲ್ಲುತ್ತದೆ. ಹಂಸ ಹೊದಿಸಿದಳು. ಹತ್ತು ನಿಮಿಷ ಗಡಿಯಾರ ನೋಡಿದಳು. ಗೆರೆ ಮುಂದುವರಿಯಲಿಲ್ಲ. ಗೆದ್ದೆನೆಂದುಕೊಂಡಳು.

ಗೆದ್ದಿರಲಿಲ್ಲ. ತೇವ ಕುಡಿದ ಗೊಂಬೆಯ ಕತ್ತು ಮೆತ್ತಗಾಯಿತು. ತಲೆಯ ಭಾರಕ್ಕೆ ಮೆಲ್ಲನೆ ವಾಲಿತು. ಪಕ್ಕದಲ್ಲಿ ಲೈಬಾಳ ತಲೆಯೂ ವಾಲಿತು. ಭುಜಕ್ಕೆ ಕಿವಿ ತಾಗಿತು. ಗಂಟಲಿನಿಂದ ಗೊರಗೊರ ಸದ್ದು.

ಹಂಸ ಆಂಬ್ಯುಲೆನ್ಸಿಗೆ ಕರೆ ಮಾಡಿದಳು. ನಲವತ್ತು ನಿಮಿಷ ಎಂದರು.

"ಅಮ್ಮಾ! ಏನ್ ಮಾಡ್ಲಿ ಹೇಳಿ!"

ಬಾಗಿಲಲ್ಲಿದ್ದ ದೊಡ್ಡಮುನಿಯಮ್ಮ ಒಳಗೆ ಕಾಲಿಡಲಿಲ್ಲ. "ಆ ಕೂದ್ಲು ಕಿತ್ತು ಇನ್ನೊಬ್ರದ್ದು ಇಡ್ಬೇಕು. ಹೆಸ್ರೂ ತಿದ್ಬೇಕು. ಆಗ ಗೊಂಬೆ ಅವ್ರದ್ದಾಗುತ್ತೆ."

"ಯಾರದ್ದು?"

ಮುದುಕಿ ಸೆರಗೆಳೆದು ತನ್ನ ನರೆತ ಮುಡಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು.

ಹುಡುಗಿಯ ತುಟಿ ನೀಲಿಗಟ್ಟುತ್ತಿತ್ತು. ಹಂಸ ಕತ್ತರಿ ಹುಡುಕಿದಳು. ಸಿಗಲಿಲ್ಲ. ತನ್ನ ಕೂದಲನ್ನು ಬುಡಸಮೇತ ಕಿತ್ತಳು. ಲೈಬಾಳ ಎಳೆಗಳನ್ನು ಉಗುರಿನಿಂದ ಕೆರೆದು ತೆಗೆದಳು. ತನ್ನದನ್ನು ಒತ್ತಿದಳು. ಹೆಸರು ಅಳಿಸಿದಳು. ಬರೆದಳು. ಹಂ. ಸ.

ಲೈಬಾ ಉಸಿರೆಳೆದುಕೊಂಡಳು. ತಲೆ ನೆಟ್ಟಗಾಯಿತು. "ಅಮ್ಮೀ..." ಎಂದು ಅಳುತ್ತಾ ಅಂಗಳಕ್ಕೆ ಓಡಿದಳು.

ಹಂಸಳ ಕತ್ತು ಎಡಕ್ಕೆ ಜಗ್ಗಿತು. ಮೂಳೆ ಲಟಕ್ಕೆಂದಿತು. ಅವಳು ಎರಡು ಬೆರಳಿನಿಂದ ಗೊಂಬೆಯ ಗಲ್ಲವನ್ನು ಎತ್ತಿ ಹಿಡಿದಳು; ನೋವು ನಿಂತಿತು. ಬೆರಳು ಸಡಿಲಿಸಿದಳು, ಉಸಿರು ಕಟ್ಟಿತು. ಮತ್ತೆ ಎತ್ತಿ ಹಿಡಿದಳು. ಹೊರಗೆ ಮಕ್ಕಳು ಊಟದ ತಟ್ಟೆ ಬಡಿಯುತ್ತಿದ್ದರು.

"ಎಷ್ಟು ಹೊತ್ತು ಹೀಗೇ ಹಿಡೀಬೇಕು ಅಮ್ಮಾ?"

"ಒಣಗೋ ತನಕ."

"ಒಣಗಿದ್ರೆ ಬಿರಿಯುತ್ತಲ್ಲ!"

ದೊಡ್ಡಮುನಿಯಮ್ಮ ಬಾಗಿಲು ಬಿಟ್ಟು ನಡೆದಳು.

ಬೆನ್ನ ಹಿಂದಿನ ಮೇಜಿನ ಮೇಲೆ ಟಕ್ಕೆಂದು ಸದ್ದಾಯಿತು. ಇನ್ನೊಂದು ಟಕ್. ಯಾರ ಗೊಂಬೆಯೆಂದು ನೋಡಬೇಕು, ಆ ಮಗುವನ್ನು ಕೂಗಿ ಎಚ್ಚರಿಸಬೇಕು. ಹಂಸ ತಿರುಗಲು ನೋಡಿದಳು.

ಕತ್ತು ತಿರುಗಲಿಲ್ಲ.