ಮೂವತ್ತೆರಡು ಕಾಲಿನ ಲೆಕ್ಕ

"ಎಳಿಯೇ, ಜೋರಾಗಿ ಎಳಿ!"

"ಎಳೀತಾನೇ ಇದೀನಲ್ಲ ಅಕ್ಕಾ! ಬರ್ತಾನೇ ಇಲ್ಲ ಇದು!"

ಹಳೆಯ ಗೇಮ್ ಮೆಷೀನಿನ ಬಾಯಿಯಲ್ಲಿ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. ಮೆಣಸು ಮೇಜಿಗೆ ಕಾಲು ಕೊಟ್ಟು ಎಳೆದಳು. ಕ್ಯಾಸೆಟ್ ಪಟಕ್ಕನೆ ಹೊರಬಂತು. ಅವಳು ದೊಪ್ಪನೆ ಹಿಂದಕ್ಕೆ ಬಿದ್ದಳು.

ಮೆಣಸು ಅವಳ ನಿಜವಾದ ಹೆಸರಲ್ಲ. ಆಳು ಚಿಕ್ಕದು, ಖಾರ ಜಾಸ್ತಿ ಅಂತ ಚಿಕ್ಕಮ್ಮ ಇಟ್ಟ ಹೆಸರು. ಚಿಕ್ಕಮ್ಮನದು ರೇಡಿಯೊ ರಿಪೇರಿ ಅಂಗಡಿ. ಈಗ ಮೂವರೂ ಅಲ್ಲೇ ಇದ್ದರು.

ಕಾಲೇಜಿಗೆ ಹೋಗುವ ಅಕ್ಕ ಒಂದು ಗೇಮ್ ಮಾಡಿದ್ದಳು. ಸಕ್ಕರೆ ಹರಳು ಹೊತ್ತ ಇರುವೆ ಅಡುಗೆಮನೆ ದಾಟುವ ಆಟ. ಗೇಮ್ ತುಂಬಿದ ಚಿಪ್‌ಗಳನ್ನು ಬೋರ್ಡಿಗೆ ಬೆಸುಗೆ ಹಾಕಿ ಹತ್ತು ಕ್ಯಾಸೆಟ್ ಮಾಡಿದವಳು ಚಿಕ್ಕಮ್ಮ. ಮೇಲಿನ ಲೇಬಲ್ಲಿಗೆ ಇರುವೆಯ ಚಿತ್ರ ಬರೆದವಳು ಮೆಣಸು.

ಲೇಬಲ್ ಫಳಫಳ ಹೊಳೀಬೇಕು ಅಂತ ಹಟ ಹಿಡಿದು ದಪ್ಪ ಸ್ಟಿಕ್ಕರ್ ತರಿಸಿದವಳೂ ಅವಳೇ. ಆ ದಪ್ಪವೇ ಈಗ ಮೆಷೀನಿನ ಬಾಯಿಗೆ ಅಡ್ಡವಾಗಿತ್ತು. ಸಂಜೆ ಐದಕ್ಕೆ ಗೇಮ್ ಅಂಗಡಿಗೆ ಕ್ಯಾಸೆಟ್ ಕೊಡಬೇಕು. ಅಲ್ಲಿ ಬರುವ ದುಡ್ಡಲ್ಲೇ ಎರಡನೇ ಗೇಮ್ ಆಗಬೇಕು.

"ಮೂತಿ ಯಾಕೆ ಊದಿಸ್ತೀಯ? ಹೇರ್ ಡ್ರೈಯರ್ ತಾ" ಅಂದಳು ಚಿಕ್ಕಮ್ಮ.

ಬಿಸಿಗಾಳಿ ತಾಗಿದಾಗ ಅಂಟು ಮೆತ್ತಗಾಯಿತು. ಚಿಕ್ಕಮ್ಮ ಉಗುರಿನಿಂದ ಒಂದೊಂದೇ ಲೇಬಲ್ ಕಿತ್ತಳು. ಅಕ್ಕ ತೆಳು ಕಾಗದದಲ್ಲಿ ಹೊಸದನ್ನು ಪ್ರಿಂಟ್ ಹಾಕಿಸಿಕೊಂಡು ಬರಲು ಓಡಿದಳು.

ಅಷ್ಟರಲ್ಲಿ ಒಬ್ಬ ಗಿರಾಕಿ ರೇಡಿಯೊ ಹಿಡಿದು ಬಂದ. "ಒಂದೇ ವೈರು ಕಿತ್ತಿದೆ, ನೋಡಮ್ಮಾ."

ಚಿಕ್ಕಮ್ಮ ಕಾಯಿಸಿದ ಬೆಸುಗೆ ಕಡ್ಡಿ ಮುಟ್ಟಿಸಿದಳು. ಚುಂಯ್ ಎಂದಿತು. "ನಲವತ್ತು ಕೊಡಿ."

ಗಿರಾಕಿ ಚೌಕಾಸಿ ಮಾಡದೆ ಕೊಟ್ಟು ಹೋದ.

ಮೆಣಸು ಮೇಜಿನ ಮೂಲೆಯಲ್ಲಿದ್ದ ತಟ್ಟೆ ನೋಡಿದಳು. ಅದರಲ್ಲೊಂದು ಕರಕಲು ಬೋರ್ಡ್ ಬಿದ್ದಿತ್ತು. ಅದರ ಚಿಪ್‌ನ ಲೋಹದ ಕಾಲುಗಳನ್ನು ಎಣಿಸಿದಳು. ಮೂವತ್ತೆರಡು! ಪ್ರತಿ ಕಾಲಿಗೂ ಒಂದು ಚುಂಯ್.

ಅಕ್ಕ ಬಂದ ಕೂಡಲೇ ಮೆಣಸು ಖರ್ಚಿನ ಚೀಟಿ ಕೇಳಿದಳು. ಒಂದು ಕ್ಯಾಸೆಟ್ಟಿಗೆ ಡಬ್ಬಿ ಅರವತ್ತು, ಬೋರ್ಡ್ ತೊಂಬತ್ತು, ಚಿಪ್ ನೂರ ನಲವತ್ತು, ಸ್ಕ್ರೂ ಎರಡು, ಲೇಬಲ್ ಎಂಟು. ಒಟ್ಟು ಮುನ್ನೂರು.

"ಚಿಕ್ಕಮ್ಮ ಎಲ್ಲಿ ಇದರಲ್ಲಿ?"

"ಅವಳು ನಮ್ಮವಳೇ ಅಲ್ವೇನೆ? ಅದಕ್ಕೂ ಲೆಕ್ಕಾನಾ?"

"ಮೂವತ್ತೆರಡು ಇಂಟು ನಲವತ್ತು... ಸಾವಿರದಿನ್ನೂರ ಎಂಬತ್ತು!"

"ಆ ರೇಟಿಗೆ ಯಾರೂ ಮೂಸಿ ಕೂಡ ನೋಡಲ್ಲ. ನಡಿ, ಟೈಮಾಯ್ತು."

ಹೊಸ ಲೇಬಲ್ ಅಂಟಿಸಿ, ಹತ್ತನ್ನೂ ಮೆಷೀನಿಗೆ ಹಾಕಿ ತೆಗೆದು ನೋಡಿ ಅಕ್ಕತಂಗಿಯರು ಹೊರಟರು.

ಗೇಮ್ ಅಂಗಡಿಯವನು ಆಟ ಆಡಿ ನೋಡಿದ. ಇರುವೆ ಒಲೆ ದಾಟಿದಾಗ "ಭಲೇ!" ಅಂದ. ಚೀಟಿ ಕೈಗೆ ಬಂದದ್ದೇ ಮುಖ ಗಂಟಿಕ್ಕಿದ. "ಖರ್ಚು ಮುನ್ನೂರು. ಮುನ್ನೂರೈವತ್ತು ಕೊಡ್ತೀನಿ. ಐವತ್ತು ಲಾಭ, ಸಾಕಲ್ವಾ?"

ಅಕ್ಕ ಇನ್ನೇನು ತಲೆಯಾಡಿಸುವುದರಲ್ಲಿದ್ದಳು.

"ಒಂದ್ನಿಮಿಷ ಅಂಕಲ್." ಮೆಣಸು ಚೀಟಿ ಎಳೆದುಕೊಂಡು ಪೆನ್ಸಿಲಿನಲ್ಲಿ ಬರೆದಳು: ಚಿಕ್ಕಮ್ಮನ ಕೈ, ನೂರು. "ಈಗ ಖರ್ಚೇ ನಾನೂರು."

"ಎಲಾ ಇವಳ! ಮನೆಯವರ ಕೆಲಸಕ್ಕೂ ಕೂಲಿನಾ?"

"ಈ ಅಂಗಡಿನೂ ನಿಮ್ಮ ಮನೆಯದ್ದೇ ಅಲ್ವಾ? ದಿನವಿಡೀ ಇಲ್ಲಿ ಪುಕ್ಕಟೆ ಕೂತ್ಕೋತೀರಾ?"

ಅಕ್ಕ ಅವಳ ಕಾಲು ತುಳಿದಳು. ಮೆಣಸು ಕಾಲು ಸರಿಸಿದಳೇ ಹೊರತು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಚಿಕ್ಕಮ್ಮ ಎರಡು ದಿನ ಗಿರಾಕಿಗಳನ್ನ ವಾಪಸ್ ಕಳಿಸಿದಾಳೆ ಅಂಕಲ್. ಒಂದೊಂದು ಚಿಪ್‌ಗೂ ಮೂವತ್ತೆರಡು ಕಾಲಿದೆ. ಬೇಕಾದ್ರೆ ಎಣಿಸಿ."

ಅಂಗಡಿಯವನು ಎಣಿಸಲಿಲ್ಲ. ಕೆನ್ನೆ ಕೆರೆದುಕೊಂಡ. ಅಕ್ಕನ ಮುಖ ನೋಡಿದ. ಈ ಸಲ ಅಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಳು.

"ನಾನೂರ ಮೂವತ್ತು. ಆದ್ರೆ ಈಗ ಐದೇ ತಗೋತೀನಿ. ಇದು ಹೋದ್ಮೇಲೆ ಉಳಿದದ್ದು."

"ಆಯ್ತು" ಅಂದಳು ಅಕ್ಕ.

ಹಿಂದಿರುಗಿದಾಗ ಚಿಕ್ಕಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಪೆನ್ಸಿಲ್ ಗೆರೆಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೇಳಿದಳು, "ಆ ಹತ್ತು ದಪ್ಪ ಲೇಬಲ್ಲಿನ ಖರ್ಚು ಎಲ್ಲಿ ಬರೆದೆ?"

ಮೆಣಸಿಗೆ ನಾಚಿಕೆಯಾಯಿತು. "ಅದನ್ನ ನಾನು ಹಾಳು ಮಾಡಿದ್ದಲ್ವಾ? ಅದಕ್ಕೇ ಬರೀಲಿಲ್ಲ."

ಚಿಕ್ಕಮ್ಮ ತಟ್ಟೆಯಲ್ಲಿದ್ದ ಕರಕಲು ಬೋರ್ಡನ್ನು ಎತ್ತಿ ತೋರಿಸಿದಳು. "ಇದನ್ನ ಸುಟ್ಟವಳು ನಾನು. ಇದು ಆದ್ಮೇಲೇನೇ ಉಳಿದ ಹತ್ತು ಸರಿ ಬಂದಿದ್ದು."

ಮೆಣಸು ಬೋರ್ಡನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಸುಟ್ಟ ವಾಸನೆ ಇನ್ನೂ ಇತ್ತು.

ಅವಳು ಎರಡನೇ ಗೇಮಿನ ಖರ್ಚಿಗೆ ಹೊಸ ಹಾಳೆ ತೆಗೆದಳು. ಡಬ್ಬಿ, ಬೋರ್ಡ್, ಚಿಪ್ ಬರೆಯುವ ಮೊದಲೇ ಎರಡು ಸಾಲು ಬರೆದಳು.

ಮೂವರ ಕೈ.

ಕಲಿಯುವಾಗ ಕೆಡುವುದಕ್ಕೆ.